ವಿಲೋಬಿ ಡೇಟನ್ ಮಿಲ್ಲರ್

ವಿಲೋಬಿ ಡೇಟನ್ ಮಿಲ್ಲರ್ (1 ಆಗಸ್ಟ್ 1853 – 27 ಜುಲೈ 1907) ಅಮೆರಿಕದ ದಂತವೈದ್ಯರು ಹಾಗೂ ಬಾಯಿಯ ಸೂಕ್ಷ್ಮಾಣುಜೀವಿಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ ವಿಜ್ಞಾನಿ. ವೃತ್ತಿಜೀವನದ ಬಹುಭಾಗವನ್ನು ಇವರು ಜರ್ಮನಿಯ ಬರ್ಲಿನ್ ನಗರದಲ್ಲಿ ಕಳೆದರು. ಹಲ್ಲು ಹುಳುಕಾಗುವುದರಲ್ಲಿ ಬ್ಯಾಕ್ಟೀರಿಯಗಳ ಪಾತ್ರವನ್ನು ಪ್ರಯೋಗಗಳ ಮೂಲಕ ವಿವರಿಸಿದ್ದೂ, ಕೊಳೆತ ಹಲ್ಲಿನ ತಿರುಳಿನಲ್ಲಿ ಬ್ಯಾಕ್ಟೀರಿಯಗಳಿರುವುದನ್ನು ಗುರುತಿಸಿದ್ದೂ ಇವರ ಮುಖ್ಯ ಸಾಧನೆಗಳು. ಇಂದು ರೂಟ್ ಕೆನಾಲ್ ಎಂದು ಎಲ್ಲರೂ ಬಲ್ಲ ಬೇರುನಾಳ ಚಿಕಿತ್ಸೆಗೆ ವೈಜ್ಞಾನಿಕ ನೆಲೆ ದೊರೆತದ್ದು ಇಂತಹ ಸಂಶೋಧನೆಗಳಿಂದ.

ಬಾಲ್ಯ ಮತ್ತು ಶಿಕ್ಷಣ

ಮಿಲ್ಲರ್ ಹುಟ್ಟಿದ್ದು ಅಮೆರಿಕದ ಓಹಾಯೋ ರಾಜ್ಯದ ಅಲೆಕ್ಸಾಂಡ್ರಿಯ ಎಂಬ ಊರಿನ ಬಳಿ, ಒಂದು ರೈತ ಕುಟುಂಬದಲ್ಲಿ. ಮಿಷಿಗನ್ ವಿಶ್ವವಿದ್ಯಾಲಯದಿಂದ 1875ರಲ್ಲಿ ಪದವಿ ಪಡೆದು, ಹೆಚ್ಚಿನ ವಿಜ್ಞಾನ ವ್ಯಾಸಂಗಕ್ಕಾಗಿ ಎಡಿನ್‌ಬರೊಗೂ ಅಲ್ಲಿಂದ ಬರ್ಲಿನ್‌ಗೂ ತೆರಳಿದರು. ದಂತವೈದ್ಯನಾಗುವ ಉದ್ದೇಶ ಆಗ ಅವರಿಗಿರಲಿಲ್ಲ. ಹಣದ ಅಡಚಣೆ ಎದುರಾದ ಕಾಲದಲ್ಲಿ, ಬರ್ಲಿನ್‌ನಲ್ಲಿ ನೆಲೆಸಿದ್ದ ಅಮೆರಿಕನ್ ದಂತವೈದ್ಯ ಫ್ರಾಂಕ್ ಅಬಟ್ ಅವರ ಪರಿಚಯವಾಯಿತು. ಈ ಸ್ನೇಹವೇ ಮಿಲ್ಲರ್ ಅವರ ದಾರಿಯನ್ನು ಬದಲಿಸಿತು. ಸ್ವದೇಶಕ್ಕೆ ಮರಳಿ, ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ದಂತವೈದ್ಯಕೀಯ ಕಲಿತು, 1879ರಲ್ಲಿ ಪದವೀಧರರಾದರು. ಅಬಟ್ ಅವರ ಮಗಳನ್ನು ವಿವಾಹವಾಗಿ ಬರ್ಲಿನ್‌ನಲ್ಲಿಯೇ ವೃತ್ತಿಯನ್ನು ಕೈಗೊಂಡರು. 1884ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯವು ಇವರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಪರದೇಶದವರೊಬ್ಬರಿಗೆ ಅಂದು ಇದು ಸಣ್ಣ ಗೌರವವಾಗಿರಲಿಲ್ಲ.

ಸಂಶೋಧನೆ

ಹಲ್ಲಿನೊಳಗೆ ಹುಳು ಸೇರಿ ಕೊರೆಯುತ್ತದೆ ಎಂಬ ನಂಬಿಕೆ ಬಹು ಪುರಾತನವಾದದ್ದು. ಬ್ಯಾಬಿಲೋನಿಯದ ಮಣ್ಣಿನ ಫಲಕಗಳಲ್ಲಿಯೂ ಅದರ ಉಲ್ಲೇಖವಿದೆ. ಕನ್ನಡದ ಹುಳುಕು ಹಲ್ಲು ಎಂಬ ಮಾತಿನಲ್ಲಿಯೂ ಆ ಹುಳು ಇನ್ನೂ ಉಳಿದುಕೊಂಡಿದೆ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಪಿಯರ್ ಫೋಷಾರ್ ಹುಳುವಿನ ವಾದವನ್ನು ತಳ್ಳಿಹಾಕಿದ್ದರಾದರೂ, ಹಲ್ಲನ್ನು ನಿಜವಾಗಿ ಕೆಡಿಸುವುದು ಏನೆಂಬ ಪ್ರಶ್ನೆ ಉಳಿದೇ ಇತ್ತು.

ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ಬೆಳೆಸುವ ವಿಧಾನಗಳನ್ನು ಕಲಿತ ಮಿಲ್ಲರ್, ಅವನ್ನು ಬಾಯಿಯ ಅಧ್ಯಯನಕ್ಕೆ ಬಳಸಿದರು. ಕಿತ್ತ ಹಲ್ಲುಗಳನ್ನು ಜೊಲ್ಲು ಮತ್ತು ರೊಟ್ಟಿ ಅಥವಾ ಸಕ್ಕರೆಯ ಮಿಶ್ರಣದಲ್ಲಿ ಶರೀರದ ಉಷ್ಣತೆಯಲ್ಲಿಟ್ಟಾಗ ಆಮ್ಲ ಉತ್ಪತ್ತಿಯಾಗಿ ಹಲ್ಲು ಮೆತ್ತಗಾಯಿತು. ಜೊಲ್ಲನ್ನು ಮೊದಲೇ ಕುದಿಸಿದ್ದರೆ ಹಾಗಾಗಲಿಲ್ಲ. ಕುದಿಸಿದಾಗ ನಾಶವಾದದ್ದು ಅದರಲ್ಲಿದ್ದ ಜೀವಿಗಳು. ಪಿಷ್ಟ ಮತ್ತು ಸಕ್ಕರೆಯನ್ನು ಬ್ಯಾಕ್ಟೀರಿಯಗಳು ಹುಳಿಸಿದಾಗ ಹುಟ್ಟುವ ಆಮ್ಲವು ಮೊದಲು ಹಲ್ಲಿನ ಸುಣ್ಣದ ಅಂಶವನ್ನು ಕರಗಿಸುತ್ತದೆ, ಬಳಿಕ ಉಳಿದ ಭಾಗವನ್ನು ಬ್ಯಾಕ್ಟೀರಿಯಗಳು ಜೀರ್ಣಿಸುತ್ತವೆ ಎಂದು ಮಿಲ್ಲರ್ ವಿವರಿಸಿದರು. ಇದು ರಾಸಾಯನಿಕ-ಪರೋಪಜೀವಿ ಸಿದ್ಧಾಂತವೆಂದು ಪ್ರಸಿದ್ಧವಾಗಿದೆ. ಬಾಯಿಯ ಸೂಕ್ಷ್ಮಾಣುಜೀವಿಗಳನ್ನು ಕುರಿತ ಇವರ ಗ್ರಂಥ 1889ರಲ್ಲಿ ಜರ್ಮನ್ ಭಾಷೆಯಲ್ಲಿಯೂ 1890ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾಯಿತು. ಹಲ್ಲಿಗೆ ಅಂಟಿಕೊಳ್ಳುವ ಲೋಳೆಪದರದ ಮಹತ್ವ ಇವರಿಗೆ ಪೂರ್ತಿಯಾಗಿ ಹೊಳೆಯಲಿಲ್ಲವೆಂಬುದು ಈ ಸಿದ್ಧಾಂತದ ಕೊರತೆ.

ಹುಳುಕು ಒಳಗಿಳಿದು ನರ ಮತ್ತು ರಕ್ತನಾಳಗಳಿರುವ ತಿರುಳನ್ನು ಮುಟ್ಟಿದಾಗ ಅಸಹನೀಯ ನೋವು ಹುಟ್ಟುತ್ತದೆ. ತಿರುಳು ಸತ್ತರೆ ನೋವು ನಿಂತಂತೆ ತೋರಿದರೂ ಸೋಂಕು ಬೇರಿನ ತುದಿಯಿಂದ ದವಡೆಯ ಮೂಳೆಗೆ ದಾಟಿ ಕೀವು ಕಟ್ಟಬಹುದು. ನೋವು ಹೋಯಿತೆಂದು ಸುಮ್ಮನಾಗುವವರು ಎಡವುವುದು ಇಲ್ಲಿಯೇ. ಇಂತಹ ತಿರುಳನ್ನು ಪರೀಕ್ಷಿಸಿದ ಮಿಲ್ಲರ್ 1894ರಲ್ಲಿ ತಮ್ಮ ಅವಲೋಕನಗಳನ್ನು ಪ್ರಕಟಿಸಿದರು. ಬೇರುನಾಳದ ಮೇಲ್ಭಾಗ, ನಡುಭಾಗ ಮತ್ತು ತುದಿಯಲ್ಲಿ ಕಾಣುವ ಬ್ಯಾಕ್ಟೀರಿಯಗಳು ಒಂದೇ ಬಗೆಯವಲ್ಲವೆಂದೂ, ಸೂಕ್ಷ್ಮದರ್ಶಕದಲ್ಲಿ ಕಂಡ ಕೆಲವನ್ನು ಪ್ರಯೋಗಾಲಯದಲ್ಲಿ ಬೆಳೆಸಲಾಗುತ್ತಿಲ್ಲವೆಂದೂ ಅವರು ಗಮನಿಸಿದ್ದರು. ಆಮ್ಲಜನಕವಿದ್ದಲ್ಲಿ ಬೆಳೆಯದ ಬ್ಯಾಕ್ಟೀರಿಯಗಳನ್ನು ಬೆಳೆಸುವ ವಿಧಾನಗಳು ಸುಧಾರಿಸಿದ ಬಳಿಕವಷ್ಟೇ, ಅಂದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಈ ಒಗಟು ಬಹುಮಟ್ಟಿಗೆ ಬಿಡಿಸಿಕೊಂಡಿತು.

ಅಪಾರ್ಥಕ್ಕೊಳಗಾದ ವಿಚಾರ

1891ರ ಒಂದು ಲೇಖನದಲ್ಲಿ ಮಿಲ್ಲರ್ ಬಾಯಿಯನ್ನು ಸೋಂಕಿನ ಕೇಂದ್ರವೆಂದು ಕರೆದು, ಅಲ್ಲಿನ ಬ್ಯಾಕ್ಟೀರಿಯಗಳು ದೇಹದ ಬೇರೆ ಅಂಗಗಳಿಗೂ ರೋಗ ತರಬಲ್ಲವೆಂದು ವಾದಿಸಿದರು. ಆದರೆ ಅದಕ್ಕೆ ಅವರು ಸೂಚಿಸಿದ ಪರಿಹಾರ ಹಲ್ಲು ಕೀಳುವುದಾಗಿರಲಿಲ್ಲ. ಬೇರುನಾಳಕ್ಕೆ ಚಿಕಿತ್ಸೆ ನೀಡಿ ಅದನ್ನು ತುಂಬುವುದಾಗಿತ್ತು. ಅವರ ನಂತರದವರು ಮೊದಲ ಮಾತನ್ನು ಹಿಡಿದು ಎರಡನೆಯದನ್ನು ಕೈಬಿಟ್ಟರು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಂಟರ್ 1900ರಿಂದೀಚೆಗೆ ಬಾಯಿಯ ನಂಜಿನ ವಿರುದ್ಧ ನಡೆಸಿದ ಪ್ರಚಾರದ ತರುವಾಯ, ಸಂಧಿವಾತದಂತಹ ಕಾಯಿಲೆಗಳಿಗೂ ಹಲ್ಲೇ ಮೂಲವೆಂದು ಸಂಶಯಪಟ್ಟು, ಉಳಿಸಬಹುದಾದ ಹಲ್ಲುಗಳನ್ನೂ ಕೀಳುವ ಪದ್ಧತಿ ಹಲವು ದಶಕ ನಡೆಯಿತು. ಬೇರುನಾಳ ಚಿಕಿತ್ಸೆಯನ್ನೇ ಅನೇಕರು ಸಂಶಯದಿಂದ ನೋಡತೊಡಗಿದರು. ಈ ತಪ್ಪಿನ ಹೊಣೆಯನ್ನು ಮಿಲ್ಲರ್ ಅವರ ಮೇಲೆ ಹೊರಿಸುವುದು ನ್ಯಾಯವಲ್ಲ.

1965ರಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಹಲ್ಲಿನ ತಿರುಳನ್ನು ತೆರೆದಿಟ್ಟು ನೋಡಿದರು. ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತು ಬೇರಿನ ಬಳಿ ಕೀವು ಕಟ್ಟಿತು. ಬ್ಯಾಕ್ಟೀರಿಯಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಗಾಯ ತಾನಾಗಿ ಮಾಯಿತು. ಮಿಲ್ಲರ್ ಶಂಕಿಸಿದ್ದ ಕಾರಣಕ್ಕೆ ದೃಢವಾದ ಸಾಕ್ಷ್ಯ ದೊರೆತದ್ದು ಹೀಗೆ, ಏಳು ದಶಕಗಳ ನಂತರ.

ಕೊನೆಯ ದಿನಗಳು

ಮಿಷಿಗನ್ ವಿಶ್ವವಿದ್ಯಾಲಯದ ದಂತವೈದ್ಯಕೀಯ ಕಾಲೇಜಿನ ಮುಖ್ಯಸ್ಥರಾಗಲು ಒಪ್ಪಿ 1907ರಲ್ಲಿ ಮಿಲ್ಲರ್ ಅಮೆರಿಕಕ್ಕೆ ಹಿಂದಿರುಗಿದರು. ಆ ಹುದ್ದೆಯನ್ನು ವಹಿಸಿಕೊಳ್ಳುವ ಮೊದಲೇ, ಕರುಳುಬಾಲದ ಉರಿಯೂತಕ್ಕೆ ನಡೆದ ಶಸ್ತ್ರಚಿಕಿತ್ಸೆಯ ಬಳಿಕ, ಓಹಾಯೋದ ನ್ಯೂಅರ್ಕ್ ಪಟ್ಟಣದಲ್ಲಿ ನಿಧನರಾದರು. ಆಗ ಅವರಿಗೆ 54 ವರ್ಷ ತುಂಬಲು ಐದು ದಿನ ಉಳಿದಿತ್ತು. ಅಂತರರಾಷ್ಟ್ರೀಯ ದಂತವೈದ್ಯ ಒಕ್ಕೂಟವು ಇವರ ಹೆಸರಿನಲ್ಲಿ ಮಿಲ್ಲರ್ ಪ್ರಶಸ್ತಿಯನ್ನು ಸ್ಥಾಪಿಸಿತು.