ಒಂದು ವಿದ್ಯೆ, ಹಲವು ಕಾಯಕ: ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿ

ವಿದ್ಯೆಯು ಒಂದು ಉದ್ಯೋಗಕ್ಕೆ ಮಾತ್ರ ದಾರಿಯೋ, ಬದುಕಿನ ಎಲ್ಲ ಕಾಯಕಗಳಿಗೂ ಸಿದ್ಧತೆಯೋ ಎಂಬ ಪ್ರಶ್ನೆ ಮಕ್ಕಳನ್ನು ಕಾಲೇಜಿಗೆ ಸೇರಿಸುವ ಪ್ರತಿ ಮನೆಯಲ್ಲಿಯೂ ಇಂದು ಏಳುತ್ತಿದೆ. ಭಾಷೆ, ಇತಿಹಾಸ, ತತ್ತ್ವಶಾಸ್ತ್ರಗಳನ್ನು ಓದಿದವರಿಗೆ ಮುಂದೇನು ಗತಿ ಎಂದು ಹಿರಿಯರು ಚಿಂತಿಸುತ್ತಾರೆ. ಈ ಸಂದರ್ಭದಲ್ಲಿ ರಾವ್ ಬಹಾದ್ದೂರ್ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಜೀವನವನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರೂ ಲೇಖಕರೂ ಆಗಿದ್ದುದರಿಂದ ಅಕ್ಷರದ ಸಂಸ್ಕಾರ ಮನೆಯಲ್ಲಿಯೇ ದೊರೆಯಿತು. ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿ, ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಕಲಿತು ಬಿ.ಎ. ಪದವೀಧರರಾದರು, 1904ರಲ್ಲಿ ಕಾನೂನು ಪದವಿಯನ್ನೂ ಪಡೆದರು. ಅಂದಿನ ಬಿ.ಎ. ಪದವಿಯು ಒಂದೇ ಕಸುಬಿಗೆ ಹೊಂದಿಸಿದ ಶಿಕ್ಷಣವಾಗಿರಲಿಲ್ಲ. ಹಲವು ವಿಷಯಗಳನ್ನು ಓದಿ, ಹೋಲಿಸಿ, ಪರೀಕ್ಷಿಸಿ ನೋಡುವ ಅಭ್ಯಾಸವನ್ನು ಅದು ಬೆಳೆಸುತ್ತಿತ್ತು. ಮರಾಠಿ, ಗುಜರಾತಿ ಭಾಷಿಕರ ಮುದ್ರಣ, ಪತ್ರಿಕೆ, ಸಂಘಸಂಸ್ಥೆಗಳು ಮುಂಬಯಿಯಲ್ಲಿ ಏಳಿಗೆ ಹೊಂದಿದ್ದನ್ನು ಕಂಡ ಈ ಕನ್ನಡದ ತರುಣನಿಗೆ ತನ್ನ ನಾಡಿನ ಕೊರತೆಯೂ ಕಂಡಿತು.

ವಕೀಲಿ ವೃತ್ತಿಯನ್ನು ಹಿಡಿದು ಅವರು ವಿಜಾಪುರದಲ್ಲಿ ನೆಲೆಸಿದರು. ಕೈತುಂಬ ಸಂಪಾದನೆಯ ಅವಕಾಶವಿದ್ದರೂ ಅವರ ದೃಷ್ಟಿ ಕೋರ್ಟಿನ ಕಟ್ಟಡದೊಳಗೇ ನಿಲ್ಲಲಿಲ್ಲ. ಮಳೆ ಕಡಿಮೆಯಾದ ಆ ಜಿಲ್ಲೆಯ ಮಕ್ಕಳಿಗೆ ಶಾಲೆ ಬೇಕಿತ್ತು. 1910ರಲ್ಲಿ ಅವರ ಮುಂದಾಳುತನದಲ್ಲಿ ಇಂದಿನ ಬಿ.ಎಲ್.ಡಿ.ಇ. ಸಂಸ್ಥೆ ಹುಟ್ಟಿತು. ಜನರಿಗೆ ನ್ಯಾಯವಾದ ಸಾಲ ಬೇಕಿತ್ತು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಆರಂಭವಾಯಿತು. ಮುಂಬಯಿ ಶಾಸನ ಸಭೆಯ ಸದಸ್ಯರಾಗಿಯೂ ಅವರು ದುಡಿದರು.

ಆದರೆ ಅವರ ಮಹಾಕಾಯಕ ಬೇರೊಂದಿತ್ತು. ರಬಕವಿಯ ಮಂಚಾಲೆ ಮನೆತನದಲ್ಲಿ ಕಂಡ ತಾಡೋಲೆಗಳು ಅವರ ಬಾಳಿನ ದಿಕ್ಕನ್ನೇ ಬದಲಿಸಿದವು. ಶರಣರ ವಚನಗಳು ಮಠಗಳಲ್ಲಿ, ಭಕ್ತರ ಮನೆಗಳ ಜಗುಲಿಗಳ ಮೇಲೆ ಪೂಜೆಗೊಳ್ಳುತ್ತಿದ್ದವೇ ಹೊರತು ಓದುವವರು ವಿರಳವಾಗಿದ್ದರು. ಹಳಕಟ್ಟಿಯವರು ಊರೂರು ಅಲೆದು ಓಲೆಗಳನ್ನು ಸಂಗ್ರಹಿಸಿದರು. ಪದಗಳ ನಡುವೆ ತೆರಪಿಲ್ಲದ ಬರಹವನ್ನು ಬಿಡಿಸಿ ಓದುವುದು, ಪ್ರತಿಯಿಂದ ಪ್ರತಿಗೆ ಪಾಠಭೇದಗಳನ್ನು ತಾಳೆ ನೋಡುವುದು, ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಮೊದಲಾದ ಅಂಕಿತಗಳಿಂದ ಯಾವ ವಚನ ಯಾರದೆಂದು ಗುರುತಿಸುವುದು, ಇವೆಲ್ಲ ಸಾಕ್ಷ್ಯವನ್ನು ತೂಗಿ ನೋಡಬಲ್ಲ ಮನಸ್ಸು ಬೇಡುವ ಕೆಲಸಗಳು. ನ್ಯಾಯಾಲಯದಲ್ಲಿ ದಾಖಲೆಯನ್ನು ಪರಿಶೀಲಿಸುತ್ತಿದ್ದ ಬುದ್ಧಿಯೇ ಇಲ್ಲಿ ಓಲೆಗರಿಯ ಮುಂದೆ ಕುಳಿತಿತು. ಕಾಲೇಜಿನಲ್ಲಿ ಕಲಿತ ಇಂಗ್ಲಿಷನ್ನು ವಚನಗಳ ಅನುವಾದಕ್ಕೆ ಬಳಸಿ ಹೊರನಾಡಿನ ವಿದ್ವಾಂಸರಿಗೂ ಶರಣರನ್ನು ಪರಿಚಯಿಸಿದರು.

1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂದಿತು. ಪರರ ಮುದ್ರಣಾಲಯಗಳನ್ನು ನೆಚ್ಚಿಕೊಂಡರೆ ಕಾರ್ಯ ಸಾಗದೆಂದು ಅರಿತ ಅವರು ವಾಸದ ಮನೆಯನ್ನೇ ಮಾರಿ, ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ, ಮರುವರ್ಷ ನವಕರ್ನಾಟಕ ವಾರಪತ್ರಿಕೆಯನ್ನೂ ಆರಂಭಿಸಿದರು. ಸಂಪಾದಕರೂ, ಪ್ರಕಾಶಕರೂ, ಮುದ್ರಕರೂ ತಾವೇ ಆದರು. ಶೂನ್ಯಸಂಪಾದನೆ, ಹರಿಹರನ ರಗಳೆಗಳು ಅವರ ಶ್ರಮದಿಂದ ಓದುಗರ ಕೈ ಸೇರಿದವು. ಇನ್ನೂರಕ್ಕೂ ಹೆಚ್ಚು ವಚನಕಾರರು ಬೆಳಕಿಗೆ ಬಂದರು. ಇಷ್ಟಾದರೂ ಅವರು ಬಾಡಿಗೆಯ ಮನೆಯಲ್ಲಿ, ಬಡತನದಲ್ಲಿ ಬಾಳಿದರು.

1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿಯೂ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಿ.ಲಿಟ್. ಪದವಿಯೂ ಅವರನ್ನು ಅರಸಿ ಬಂದವು. 1964ರ ಜೂನ್ ತಿಂಗಳಲ್ಲಿ ಅವರು ಲಿಂಗೈಕ್ಯರಾದರು.

ವಕೀಲ, ಶಿಕ್ಷಣ ಸಂಸ್ಥಾಪಕ, ಸಹಕಾರಿ, ಶಾಸಕ, ಪತ್ರಕರ್ತ, ಮುದ್ರಕ, ಸಂಶೋಧಕ: ಇವುಗಳಲ್ಲಿ ಯಾವುದಕ್ಕಾಗಿ ಅವರು ಓದಿದ್ದರೆಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ವಕೀಲಿಯೊಂದನ್ನು ಬಿಟ್ಟರೆ ಉಳಿದ ಯಾವ ಕಾಯಕವನ್ನೂ ಪದವಿ ಪತ್ರವು ಅವರಿಗೆ ವಿಧಿಸಿರಲಿಲ್ಲ. ನಾಡಿಗೆ ಏನು ಬೇಕೆಂದು ಕಾಣುವ ಕಣ್ಣನ್ನೂ, ತಿಳಿಯದುದನ್ನು ಕಲಿಯುವ ಧೈರ್ಯವನ್ನೂ ಶಿಕ್ಷಣ ಕೊಟ್ಟಿತು. ಆ ಶಕ್ತಿಯನ್ನು ದಾಸೋಹವಾಗಿಸಿದ್ದು ಅವರ ಶರಣನಿಷ್ಠೆ. ನಾವು ಇಂದು ವಚನಗಳನ್ನು ಪುಸ್ತಕ ತೆರೆದು ಓದುವಾಗ, ಮಾರಿಹೋದ ಆ ಮನೆಯನ್ನೊಮ್ಮೆ ನೆನೆಯೋಣ. ನಮ್ಮ ಮಕ್ಕಳು ಯಾವ ವಿಷಯವನ್ನೇ ಓದಲಿ, ಸಂಬಳವೆಷ್ಟು ಎಂದು ಕೇಳುವುದರ ಜೊತೆಗೆ ಯಾವ ಕಾಯಕಕ್ಕೆ ಅಣಿಯಾಗುತ್ತಿದ್ದೀರಿ ಎಂದೂ ಕೇಳೋಣ.