ಚದುರಂಗದ ಸುಲ್ತಾನ್: ಮೀರ್ ಸುಲ್ತಾನ್ ಖಾನ್



ಈ ಸಲದ ಗೋಡೆ ಪತ್ರಿಕೆಗೆ ಯಾರ ಜೀವನ ಬರೆಯಬೇಕೆಂದು ವಿಚಾರ ಮಾಡಿದಾಗ ನನಗೆ ಹೊಳೆದ ಹೆಸರು ಮೀರ್ ಸುಲ್ತಾನ್ ಖಾನ್. ಕಾರಣ ಇಷ್ಟೇ. ಕಮಲಾಪುರದಾಗ ನಾವು ಕಟ್ಟಿ ಮ್ಯಾಲ ಆಡೋ ಚದುರಂಗ ಬ್ಯಾರೆ, ಕಲಬುರಗಿ ಟೂರ್ನಮೆಂಟಿನಾಗ ಆಡಿಸೋದು ಬ್ಯಾರೆ. ನಮ್ಮ ಅಜ್ಜ ಕಲಿಸಿದ ಆಟದಾಗ ಪ್ಯಾದೆ ಯಾವಾಗಲೂ ಒಂದೇ ಮನಿ ನಡೀತದ, ರಾಜ ಒಂದು ಸಲ ಕುದುರೆ ಹಂಗ ಜಿಗೀಬಹುದು. ಕಲಬುರಗಿಯಲ್ಲಿ ಪ್ಯಾದೆ ಮೊದಲ ಸಲ ಎರಡು ಮನಿ ಹೋಗಬಹುದು, ರಾಜ ಆನೆ ಜೋಡಿ ಕ್ಯಾಸ್ಲಿಂಗ್ ಮಾಡ್ತಾನ, ಮುಟ್ಟಿದ ಕಾಯಿಯನ್ನು ನಡೆಸಲೇಬೇಕು, ಬಾಜೂಕ ಗಡಿಯಾರ ಓಡ್ತಿರ್ತದ. ಇದೆಲ್ಲಾ ಕೇಳಿ ನಮ್ಮ ಕ್ಲಾಸಿನ ಕೆಲವರು ಹಳ್ಳಿಯವರಿಗೆ ಇದು ಆಗೋದಲ್ಲ ಅಂತ ಹೆಸರು ಕೊಡಲಿಕ್ಕೇ ಒಲ್ಲೆ ಅಂದಾರ. ಅವರು ಇದನ್ನು ತಪ್ಪದೇ ಓದಬೇಕು.

ಸುಲ್ತಾನ್ ಖಾನರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪಂಜಾಬಿನ ಮಿಠಾ ಟಿವಾನಾ ಎಂಬ ಊರಿನಲ್ಲಿ ಹುಟ್ಟಿದರು. ಅದು ಈಗ ಪಾಕಿಸ್ತಾನದಲ್ಲಿದೆ. ಒಂಬತ್ತು ವರ್ಷದವರಿದ್ದಾಗ ತಂದೆಯಿಂದ ಚದುರಂಗ ಕಲಿತರು. ಅದೂ ನಮ್ಮ ಅಜ್ಜನ ಆಟದಂಥ ದೇಶಿ ಆಟವೇ ನೋಡ್ರಿ. ಮುಂದೆ ಸರ್ ಉಮರ್ ಹಯಾತ್ ಖಾನ್ ಎಂಬ ದೊಡ್ಡ ಜಮೀನ್ದಾರರು ಇವರನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಯುರೋಪಿನ ನಿಯಮಗಳನ್ನು ಕಲಿಸಿದರು. 1928ರ ಅಖಿಲ ಭಾರತ ಸ್ಪರ್ಧೆಯಲ್ಲಿ ಖಾನರು 9 ಆಟಗಳಲ್ಲಿ 8 ಗೆದ್ದು, ಒಂದನ್ನು ಸಮ ಮಾಡಿಕೊಂಡು ಮೊದಲಿಗರಾದರು.

1929ರಲ್ಲಿ ಧಣಿಗಳು ಅವರನ್ನು ಲಂಡನ್ನಿಗೆ ಕರೆದುಕೊಂಡು ಹೋದರು. ಅಲ್ಲಿ ಅಭ್ಯಾಸಕ್ಕೆಂದು ಏರ್ಪಡಿಸಿದ ಸಣ್ಣ ಟೂರ್ನಮೆಂಟಿನಲ್ಲಿ ಖಾನರು ಕಟ್ಟಕಡೆಯ ಸ್ಥಾನದವರಲ್ಲಿ ಒಬ್ಬರಾದರು. ಆದರೂ ಮನೆಗೆ ಓಡಿ ಬರಲಿಲ್ಲ. ವಿಂಟರ್ ಮತ್ತು ಯೇಟ್ಸ್ ಎಂಬ ಇಬ್ಬರು ಇಂಗ್ಲಿಷ್ ಆಟಗಾರರ ಜೊತೆ ಕುಳಿತು ತಾಲೀಮು ಮಾಡಿದರು. ಅದೇ ಬೇಸಿಗೆಯಲ್ಲಿ ರಾಮ್ಸ್‌ಗೇಟ್ ಊರಿನಲ್ಲಿ ಬ್ರಿಟಿಷ್ ಚಾಂಪಿಯನ್‌ಷಿಪ್ ನಡೆಯಿತು. ಗೆದ್ದವರು ಯಾರು ಅಂತೀರಿ? ನಮ್ಮ ಸುಲ್ತಾನ್ ಖಾನರೇ! ಆಗ ನಮ್ಮ ದೇಶವನ್ನು ಬ್ರಿಟಿಷರು ಆಳುತ್ತಿದ್ದರೆಂಬುದನ್ನು ಮರೀಬ್ಯಾಡ್ರಿ. 1932 ಮತ್ತು 1933ರಲ್ಲೂ ಅವರೇ ಚಾಂಪಿಯನ್.

ಅವರ ಆಟದ ರೀತಿ ತಿಳಿಯುವಂಥದ್ದು. ಯುರೋಪಿನ ಆಟದಲ್ಲಿ ಆರಂಭದ ನಡೆಗಳ ಮೇಲೆ ದಪ್ಪ ದಪ್ಪ ಪುಸ್ತಕಗಳಿವೆ. ಖಾನರು ಅವನ್ನು ಓದಿ ಬೆಳೆದವರಲ್ಲ. ದೇಶಿ ಆಟ ನಿಧಾನವಾದ್ದರಿಂದ ಅಲ್ಲಿ ಅವುಗಳ ಅವಶ್ಯಕತೆಯೂ ಇರಲಿಲ್ಲ. ಹೀಗಾಗಿ ಮೊದಲ ಹತ್ತು ಹದಿನೈದು ನಡೆಗಳಲ್ಲಿ ಎಷ್ಟೋ ಸಲ ಹಿಂದೆ ಬೀಳುತ್ತಿದ್ದರು. ಆಮೇಲೆ ತಾಳ್ಮೆಯಿಂದ ಕೂತು ಸರಿಮಾಡಿಕೊಳ್ಳುತ್ತಿದ್ದರು. ಹಲಗೆ ಮೇಲೆ ರಾಜ, ಆನೆ, ನಾಲ್ಕಾರು ಪ್ಯಾದೆ ಉಳಿದಾಗಲಂತೂ ಅವರನ್ನು ಹಿಡಿಯುವುದು ಕಷ್ಟವಾಗಿತ್ತು. ನಮ್ಮ ಹುಡುಗರು ವಜೀರ ಹೋದ ಕೂಡಲೇ ಕಾಯಿ ಕೆಡವಿ ಏಳ್ತಾರ. ಬರೀ ರಾಜ, ಪ್ಯಾದೆ ಇಟ್ಟುಕೊಂಡು ಆಡೋ ರೂಢಿ ನಮ್ಮಲ್ಲಿ ಯಾರಿಗದ?

ಕ್ಯೂಬಾ ದೇಶದ ಕಪಾಬ್ಲಾಂಕಾ 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದವರು. ಅಂಥವರನ್ನು ಖಾನರು 1930-31ರ ಹೇಸ್ಟಿಂಗ್ಸ್ ಟೂರ್ನಮೆಂಟಿನಲ್ಲಿ 65 ನಡೆಗಳ ದೀರ್ಘ ಆಟದಲ್ಲಿ ಸೋಲಿಸಿದರು. 1931ರಲ್ಲಿ ಪ್ರಾಗ್ ಒಲಿಂಪಿಯಾಡಿನಲ್ಲಿ ಇಂಗ್ಲೆಂಡಿನ ಮೊದಲ ಬೋರ್ಡಿನಲ್ಲಿ ಆಡಿ ರೂಬಿನ್‌ಸ್ಟೈನ್, ಫ್ಲೋರ್ ಅವರನ್ನು ಗೆದ್ದು, ಆಗಿನ ವಿಶ್ವ ಚಾಂಪಿಯನ್ ಅಲೆಖೈನ್ ಜೊತೆ ಸಮ ಮಾಡಿಕೊಂಡರು. ಅಲ್ಲಿಯ ಥಂಡಿ ಅವರಿಗೆ ಒಗ್ಗುತ್ತಿರಲಿಲ್ಲ. ನೆಗಡಿ, ಗಂಟಲು ಬೇನೆ, ಮಲೇರಿಯಾ ಜ್ವರ ಕಾಡುತ್ತಿದ್ದವು. ಆದರೂ ಆಡಿದರು.

ಹುಡುಗಿಯರಿಗೂ ಒಂದು ಮಾತು. ಅದೇ ಧಣಿಗಳ ಮನೆಯಲ್ಲಿ ಕೆಲಸಕ್ಕಿದ್ದ ಫಾತಿಮಾ ಎಂಬಾಕೆ 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದರು.

ಇನ್ನು ನನಗೆ ಭಾಳ ಬ್ಯಾಸರ ತಂದ ಸಂಗತಿ. 1933ರ ಡಿಸೆಂಬರಿನಲ್ಲಿ ಧಣಿಗಳು ದೇಶಕ್ಕೆ ಮರಳಿದರು, ಖಾನರೂ ಅವರ ಬೆನ್ನಿಗೆ ಬಂದರು. 1935ರಲ್ಲಿ ಖಾಡಿಲ್ಕರ್ ಎಂಬುವರ ಜೊತೆ 10 ಆಟ ಆಡಿ 9 ಗೆದ್ದರು, ಒಂದು ಸಮವಾಯಿತು. ದೊಡ್ಡ ಟೂರ್ನಮೆಂಟುಗಳು ಮಾತ್ರ ಅಲ್ಲಿಗೇ ಮುಗಿದವು. ಯುರೋಪಿನಲ್ಲಿ ಅವರು ಆಡಿದ್ದು ಐದು ವರ್ಷಕ್ಕೂ ಕಡಿಮೆ. ಆಟ ಅವರದಾಗಿತ್ತು, ಹೋಗೋದು ಬರೋದು ಧಣಿಗಳ ಕೈಯಾಗಿತ್ತು. ಇವತ್ತು ಕಲಬುರಗಿ ಬಸ್ ಹತ್ತಲಿಕ್ಕೆ ನಮಗೆ ಯಾವ ಧಣಿಯ ಅಪ್ಪಣೆ ಬೇಕು?

ಖಾನರು 1966ರ ಏಪ್ರಿಲ್ 25ರಂದು ಸರ್ಗೋಧಾದಲ್ಲಿ ಕ್ಷಯ ರೋಗದಿಂದ ತೀರಿಕೊಂಡರು. 1950ರಲ್ಲಿ ವಿಶ್ವ ಚದುರಂಗ ಸಂಸ್ಥೆಯು ಮೊದಲ ಸಲ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟಾಗ, ಅವರ ಕೈಯಲ್ಲಿ ಸೋತಿದ್ದ ರೂಬಿನ್‌ಸ್ಟೈನ್ ಹೆಸರು ಪಟ್ಟಿಯಲ್ಲಿತ್ತು, ಖಾನರ ಹೆಸರು ಇರಲಿಲ್ಲ. 2024ರ ಫೆಬ್ರುವರಿಯಲ್ಲಿ, ಅವರು ತೀರಿಕೊಂಡು 57 ವರ್ಷ ದಾಟಿದ ಮೇಲೆ, ಅದೇ ಸಂಸ್ಥೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟಿತು.