ನೃಪತುಂಗನ ರಾಜಶಕ್ತಿ ಮತ್ತು ತ್ಯಾಗಶಕ್ತಿ

ಜಿನಬಿಂಬ ಪ್ರತಿಷ್ಠೆಯ ಈ ಮಂಗಲ ಸಂದರ್ಭದಲ್ಲಿ ರಾಯಚೂರು ಸೀಮೆಯ ಶ್ರಾವಕ ಶ್ರಾವಿಕೆಯರು ಸ್ಮರಿಸಲೇಬೇಕಾದ ಪುಣ್ಯಪುರುಷರಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಅಗ್ರಗಣ್ಯನು. ಆತನ ರಾಜಧಾನಿ ಮಾನ್ಯಖೇಟವು ನಮಗೆ ದೂರದ್ದಲ್ಲ. ಕೃಷ್ಣೆಯ ಉತ್ತರಕ್ಕೆ, ಕಾಗಿಣಾ ನದಿಯ ದಡದಲ್ಲಿರುವ ಇಂದಿನ ಮಳಖೇಡವೇ ಅದು. ಆತನ ಆಸ್ಥಾನದಲ್ಲಿ ಮೂಡಿದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗೆಂದು ಗುರುತಿಸಿದ ಕನ್ನಡ ನಾಡಿನ ನಡುವೆಯೇ ನಮ್ಮ ಎಡೆದೊರೆ ನಾಡು ಇದೆ.

ಕ್ರಿ.ಶ. 814ರಲ್ಲಿ ತಂದೆ ಮೂರನೆಯ ಗೋವಿಂದನು ಕಾಲವಾದಾಗ ಅಮೋಘವರ್ಷನು ಇನ್ನೂ ಬಾಲಕನು. ಸಾಮಂತರು ದಂಗೆಯೆದ್ದರು, ಸಿಂಹಾಸನವು ಕೈತಪ್ಪಿತು. ಲಾಟ ದೇಶವನ್ನಾಳುತ್ತಿದ್ದ ದಾಯಾದಿ ಕರ್ಕನು ನಿಷ್ಠೆಯಿಂದ ಹೋರಾಡಿ, 821ರ ವೇಳೆಗೆ ಅದನ್ನು ಮರಳಿ ದೊರಕಿಸಿಕೊಟ್ಟನು. ಅಧಿಕಾರವೆಂಬುದು ಎಷ್ಟು ಚಂಚಲವೆಂಬ ಮೊದಲ ಪಾಠವು ಹೀಗೆ ಎಳವೆಯಲ್ಲಿಯೇ ದೊರೆಯಿತು.

ಯೌವನದಲ್ಲಿ ಆತನೂ ಖಡ್ಗವನ್ನೇ ನೆಚ್ಚಿದನು. ಗಂಗರೊಡನೆ ಬಹುಕಾಲ ಯುದ್ಧ ನಡೆಯಿತು. ಗೆಲವಿನಿಂದ ತೀರದ ಆ ವೈರವು ಕೊನೆಗೆ ಬಾಂಧವ್ಯದಿಂದ ತೀರಿತು. ಮಗಳು ಚಂದ್ರೋಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಧಾರೆಯೆರೆದುಕೊಟ್ಟು ಆತನು ಹಗೆಯ ಮನೆಯನ್ನೇ ಬೀಗರ ಮನೆಯನ್ನಾಗಿಸಿಕೊಂಡನು.

ಈ ಮನಃಪರಿವರ್ತನೆಗೆ ಪೋಷಕವಾದುದು ಗುರುಸನ್ನಿಧಿ. ವೀರಸೇನಾಚಾರ್ಯರು ಆರಂಭಿಸಿದ್ದ ಜಯಧವಲಾ ಟೀಕೆಯನ್ನು 837ರಲ್ಲಿ ಪೂರ್ಣಗೊಳಿಸಿದ ಜಿನಸೇನಾಚಾರ್ಯರ ಪಾದಗಳಿಗೆರಗಿ ಚಕ್ರವರ್ತಿಯು ತನ್ನನ್ನು ಪವಿತ್ರನೆಂದು ಭಾವಿಸಿದನೆಂದು ಅವರ ಶಿಷ್ಯ ಗುಣಭದ್ರಾಚಾರ್ಯರು ಉತ್ತರಪುರಾಣದಲ್ಲಿ ಬರೆದಿದ್ದಾರೆ. ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರೂ ಶಬ್ದಾನುಶಾಸನಕ್ಕೆ ಅಮೋಘವೃತ್ತಿಯನ್ನು ಬರೆದ ಶಾಕಟಾಯನರೂ ಆತನ ಆಳ್ವಿಕೆಯ ಕಾಲವನ್ನು ಬೆಳಗಿದವರು. ಸೇನಾನಿ ಬಂಕೇಶನು ಕೊಳನೂರಿನಲ್ಲಿ, ಎಂದರೆ ಇಂದಿನ ಕೊಣ್ಣೂರಿನಲ್ಲಿ, ಬಸದಿಯನ್ನು ಕಟ್ಟಿಸಿ ಬಿನ್ನವಿಸಿಕೊಂಡಾಗ, ಚಕ್ರವರ್ತಿಯು 860ರ ಚಂದ್ರಗ್ರಹಣದಂದು ದೇವೇಂದ್ರಮುನಿಗಳಿಗೆ ತಳೆಯೂರು ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಯುದ್ಧದಲ್ಲಿ ಗೆದ್ದ ದಂಡನಾಯಕನು ತನಗಾಗಿ ಬೇಡದೆ ಬಸದಿಗಾಗಿ ಬೇಡಿದುದು ಒಡೆಯನ ಆದರ್ಶಕ್ಕೆ ಸಾಕ್ಷಿಯಾಗಿದೆ.

871ರ ಸಂಜಾನ ತಾಮ್ರಶಾಸನವು ಇನ್ನೊಂದು ಪ್ರಸಂಗವನ್ನು ತಿಳಿಸುತ್ತದೆ. ಪ್ರಜೆಗಳಿಗೆ ಒದಗಿದ ವಿಪತ್ತಿನ ನಿವಾರಣೆಗಾಗಿ ಅರಸನು ತನ್ನ ಎಡಗೈಯ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನಂತೆ. ಪ್ರಜೆಗಳ ದುಃಖವನ್ನು ತನ್ನ ದೇಹದ ಮೇಲೆ ತೆಗೆದುಕೊಂಡ ಅರಸನೆಂದೇ ಜನಮನವು ಆತನನ್ನು ನೆನೆದಿದೆ. ಆತನು ರಾಜ್ಯಭಾರದಿಂದ ಒಂದಕ್ಕಿಂತ ಹೆಚ್ಚು ಬಾರಿ ನಿವೃತ್ತನಾದನೆಂದೂ ತಿಳಿದುಬರುತ್ತದೆ. ವಿವೇಕದಿಂದ ರಾಜ್ಯವನ್ನು ತ್ಯಜಿಸಿದ ಮೇಲೆ ಪ್ರಶ್ನೋತ್ತರ ರತ್ನಮಾಲಿಕೆಯನ್ನು ರಚಿಸಿದನೆಂಬುದು ನಮ್ಮ ಪರಂಪರೆಯ ನಂಬಿಕೆ. ಬಾಲ್ಯದಲ್ಲಿ ಬಲಾತ್ಕಾರದಿಂದ ಕಳೆದುಕೊಂಡ ಸಿಂಹಾಸನವನ್ನು ವೃದ್ಧಾಪ್ಯದಲ್ಲಿ ಸ್ವಇಚ್ಛೆಯಿಂದ ಬಿಟ್ಟುಕೊಟ್ಟನು. ಈ ಎರಡರ ನಡುವಿನ ಅರುವತ್ತಕ್ಕೂ ಹೆಚ್ಚು ವರುಷಗಳ ಆಳ್ವಿಕೆಯೇ ಆತನ ಕಲಿಕೆಯ ಕಾಲವಾಗಿತ್ತು.

ಕೃಷ್ಣಾತೀರದ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಬೆಂಕಿಯು ಹತೋಟಿಗೆ ಒಳಗಾಗಿಯೇ ವಿದ್ಯುತ್ತಾಗಿ ದೂರದೂರದ ಮನೆಗಳನ್ನು ಬೆಳಗುತ್ತದೆ. ಸಂಯಮವಿಲ್ಲದ ಬೆಂಕಿಯು ಸುಡುವುದು. ಮನೆಯ ಯಜಮಾನಿಕೆ, ವ್ಯಾಪಾರದ ಸಂಪತ್ತು, ಬಸದಿಯ ಆಡಳಿತ, ಹೀಗೆ ನಮ್ಮಲ್ಲಿ ಪ್ರತಿಯೊಬ್ಬರ ಕೈಯಲ್ಲಿಯೂ ಒಂದಿಷ್ಟು ಅಧಿಕಾರವಿದೆ. ಅದನ್ನು ಪರಹಿತಕ್ಕಾಗಿ ಬಳಸುವ, ಸಮಯ ಬಂದಾಗ ಸಂತೋಷದಿಂದ ಬಿಟ್ಟುಕೊಡುವ ಬುದ್ಧಿಯು ಜಿನೇಶ್ವರನ ಸನ್ನಿಧಿಯಲ್ಲಿ ನಮಗೆಲ್ಲರಿಗೂ ಲಭಿಸಲಿ.